ದಸ್ತಗೀರಣ್ಣನ ಕಿವಿ

ಹೊಲದಲ್ಲಿ ಜನರಿದ್ದಾರೆಂದು ನಾನು ಹೇಳಿರಲಿಲ್ಲ. ಹೇಳಿದ್ದೆ ಎಂದು ಸುಳ್ಳಾಡಿದೆ. ಆ ಸುಳ್ಳನ್ನು ನಂಬಿ ದಸ್ತಗೀರಣ್ಣ ಆರು ವರ್ಷ ತನ್ನ ಕಿವಿಯನ್ನೇ ಅನುಮಾನಿಸಿದ.

ಆರು ವರ್ಷದ ಹಿಂದಿನ ಮಾತು, ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನು ಬಿ.ಎಸ್ಸಿ. ಮುಗಿಸಿ ಮನಗೂಳಿಯ ಮನೆಯಲ್ಲಿ ನೌಕರಿಯ ದಾರಿ ಕಾಯುತ್ತಿದ್ದೆ. ದಸ್ತಗೀರಣ್ಣನದು ಬಾಗೇವಾಡಿಯಲ್ಲಿ ರೇಡಿಯೋ ರಿಪೇರಿ ಅಂಗಡಿ; ಹೊತ್ತು ಕಳೆಯಲು ನಾನು ಅಲ್ಲಿಗೇ ಹೋಗುತ್ತಿದ್ದೆ. ಹಡಗಿನಲ್ಲಿ ಕೆಲಸಕ್ಕಿದ್ದ ಅವನ ಅಳಿಯ ಮುಂಬಯಿಯಿಂದ ಒಂದು ಪುಟ್ಟ ವಿಮಾನ ತಂದುಕೊಟ್ಟಿದ್ದ. ಮೂತಿಯಲ್ಲಿ ಸಣ್ಣ ಎಂಜಿನ್. ನೆಲದ ಮೇಲೆ ನಿಂತು ಕೈಯಲ್ಲಿನ ಡಬ್ಬಿಯ ಕಡ್ಡಿ ಆಡಿಸಿದರೆ ರೇಡಿಯೋ ಅಲೆಗಳ ಮಾತು ಕೇಳಿ ಹಾರುತ್ತಿತ್ತು. ನೆಟ್ಟಗೆ ಹಾರಿಸುವುದನ್ನು ಅಣ್ಣ ಬೇಗ ಕಲಿತ. ಲಾಗ ಹೊಡೆಸುವುದನ್ನೂ ಕಲಿತ. ಆಮೇಲೆ ತಲೆಕೆಳಗಾಗಿ ಹಾರಿಸುವ ಹುಚ್ಚು — ಅಲ್ಲಿ ಕೈ ಮೋಸಹೋಗುತ್ತದೆ. ಮಗುಚಿದ ವಿಮಾನ ಮೇಲೇರಬೇಕಾದರೆ ಕಡ್ಡಿಯನ್ನು ಮುಂದಕ್ಕೆ ಒತ್ತಬೇಕು; ರೂಢಿಯಂತೆ ಹಿಂದಕ್ಕೆ ಎಳೆದರೆ ನೆಲಕ್ಕೆ ಎರಗುತ್ತದೆ.

ಹಾರಿಸುವವನು ವಿಮಾನದಿಂದ ಕಣ್ಣು ಕೀಳುವಂತಿಲ್ಲ. ನೆಲ ನೋಡುವ ಕೆಲಸ ನನ್ನದಾಗಿತ್ತು.

ಮನಗೂಳಿಯ ಹೊರಗಿನ ಬೀಳು ಹೊಲದಲ್ಲಿ, ಸೋಮವಾರವೇ ಹಾರಿಸುತ್ತಿದ್ದೆವು. ನಮ್ಮ ಸೀಮೆಯಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಹೊಲಗಳು ಖಾಲಿ ಎಂದು ಅಣ್ಣನಿಗೆ ಹೇಳಿಕೊಟ್ಟವನೂ ನಾನೇ.

“ತಮ್ಮಾ, ಆ ಕಡೆ ಯಾರರ ಅದಾರೇನ ನೋಡು. ಮಗಚತೇನಿ.”

“ಯಾರೂ ಇಲ್ರಿ ಅಣ್ಣಾ. ಸೋಮವಾರ ಐತಿ, ಯಾರ ಬರ್ತಾರ?”

ನೋಡದೆ ಹೇಳಿದೆ. ಕತ್ತು ಕೂಡ ತಿರುಗಿಸಲಿಲ್ಲ — ನನ್ನ ಕಣ್ಣೂ ವಿಮಾನಕ್ಕೇ ಅಂಟಿತ್ತು. ಅದು ಪಕ್ಕದ ಹೊಲದ ಮೇಲೆ ಮಗುಚಿತು, ತುಸು ಇಳಿಯಿತು. ಅಣ್ಣ ಗಾಬರಿಯಾಗಿ ಕಡ್ಡಿ ಎಳೆದ.

ಅಲ್ಲಿ ಎಳೆಜೋಳದ ಸಾಲಿನಲ್ಲಿ ಆ ಹೊಲದ ರೈತನ ಹೆಂಡತಿ ಕಾಶವ್ವ ಕುಳಿತು ಕಸ ತೆಗೆಯುತ್ತಿದ್ದಳು. ಸೋಮವಾರದ ಸೂಟಿ ಎತ್ತಿಗೆ, ಹೆಣ್ಣುಮಕ್ಕಳಿಗಲ್ಲ. ನನ್ನ ಅವ್ವನೂ ಸೋಮವಾರ ಕಸ ತೆಗೆಯಲು ಹೋಗುತ್ತಿದ್ದಳು — ನನಗೆ ಗೊತ್ತಿತ್ತು.

ಆಕೆಯ ಕೈಯಿಂದ ಒಂದು ಗೇಣು ದೂರದಲ್ಲಿ ವಿಮಾನದ ಮೂತಿ ಮಣ್ಣಿನಲ್ಲಿ ನಾಟಿತು. ರಕ್ತವಿಲ್ಲ. ಇಂದಿಗೂ ಮೊದಲು ಅದನ್ನೇ ಹೇಳಿಕೊಳ್ಳುತ್ತೇನೆ — ಒಂದು ಹನಿಯೂ ಇಲ್ಲ. ಆದರೂ ಕಣ್ಣು ಮುಚ್ಚಿದರೆ ಆ ಗೇಣು ಅರ್ಧ ಗೇಣಾಗುತ್ತದೆ, ಬೆರಳಾಗುತ್ತದೆ, ಆಮೇಲೆ...

“ಎತ್ತಿಗಿ ಸೂಟಿ ಕೊಟ್ಟು ನಮ್ಮ ತಲಿ ಮ್ಯಾಲ ವಿಮಾನ ಬಿಡ್ತೀರಿ? ನಿಮ್ಮ ಬಾಯಾಗ ಮಣ್ಣ ಬೀಳಲಿ!” ಎಂದು ಕಾಶವ್ವ ಚೀರಿದಳು. ಬಾವಿಯ ಬಳಿ ಎತ್ತಿನ ಮೈ ತೊಳೆಯುತ್ತಿದ್ದ ಆಕೆಯ ಗಂಡ ಓಡಿಬಂದು ಅಣ್ಣನ ಅಂಗಿ ಹಿಡಿದ. ಅಣ್ಣ ನನ್ನತ್ತ ನೋಡಿದ. ದೂರಲು ಅಲ್ಲ, ಬರೀ ನೋಡಿದ.

“ಮಂದಿ ಅದಾರ ಅಂತ ನಾ ಒದರಿದ್ದೆರಿ,” ಎಂದೆ. “ಅಣ್ಣಗ ಕೇಳಿಸಲಿಲ್ಲ.”

“ಇಲ್ಲ ಅಂದಂಗ ಕೇಳಿತಲ್ಲೋ ತಮ್ಮಾ...” ಎಂದ ಅಣ್ಣ. ನಾನು ತಲೆ ತಗ್ಗಿಸಿದೆ. ಅವನು ಕಾಶವ್ವನ ಕಾಲು ಹಿಡಿದ.

ಮತ್ತೆಂದೂ ಹಾರಿಸಲಿಲ್ಲ. ಅಷ್ಟೇ ಆಗಿದ್ದರೆ... ರೇಡಿಯೋದ ರೋಗವನ್ನು ಕಿವಿಯಿಂದಲೇ ಹಿಡಿಯುತ್ತಿದ್ದ ಮನುಷ್ಯ, ಆಮೇಲೆ ಗಿರಾಕಿಗಳನ್ನು ಕೇಳತೊಡಗಿದ: “ಘರ್‌ಘರ್ ಸಪ್ಪಳ ಹೋತೇನ್ರಿ? ಖರೇ ಹೋತೇನ್ರಿ?” ಅವರು ನಗುತ್ತಿದ್ದರು: “ಡಾಕ್ಟರಗ ಕಿವಿ ಇಲ್ಲಂತ, ಪೇಶಂಟ್‌ನ ಕೇಳಾಕತ್ಯಾನ!” ಅಷ್ಟರಲ್ಲಿ ನಾನು ಸಿಂದಗಿಯಲ್ಲಿ ಮಾಸ್ತರನಾಗಿದ್ದೆ. ಸೂಟಿಗೆ ಬಂದಾಗೆಲ್ಲ ಆ ಅಂಗಡಿಯಲ್ಲಿ ಕುಳಿತು ಚಹಾ ಕುಡಿದೆ. ಹೇಳಲಿಲ್ಲ.

ಹೋದ ವಾರ ಅಣ್ಣನೇ ಅಂದ: “ಅಂಗಡಿ ಮುಚ್ಚತೇನಿ ತಮ್ಮಾ. ಕಿವಿ ಮ್ಯಾಲ ನನಗ ಭರೋಸಾ ಉಳಿದಿಲ್ಲ.”

ಹೇಳಿಬಿಟ್ಟೆ. ತಡವರಿಸಿದೆ, ಆದರೆ ಎಲ್ಲವನ್ನೂ ಹೇಳಿದೆ.

ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. ಹೊಡೆಯಲೆಂದೇ ಕಾದೆ. ಕೊನೆಗೆ, “ಹಂಗಾರ ಅವತ್ತ ನನಗ ಕೇಳಿದ್ದ ಖರೇನ?” ಎಂದ.

“ಖರೇರಿ.”

ಮೇಜಿನ ಮೇಲಿದ್ದ ರೇಡಿಯೋ ಹಚ್ಚಿ, ಕಿವಿಯಿಟ್ಟ. ಕಣ್ಣು ಮುಚ್ಚಿಕೊಂಡ. “ಕಂಡೆನ್ಸರ್ ಹೋಗೇತಿ,” ಎಂದ — ಯಾರನ್ನೂ ಕೇಳದೆ. ಅವನ ಮುಖ ಸಡಿಲಾದುದನ್ನು ಕಂಡೆ. ನನಗೂ ಉಸಿರು ಬಂತು. ಆರು ವರ್ಷದ ಮೇಲೆ, ಪೂರ್ತಿ ಉಸಿರು.

ಆಮೇಲೆ ನನ್ನತ್ತ ತಿರುಗದೆಯೇ ಹೇಳಿದ: “ಕಡ್ಡಿ ಎಳದಾಂವ ನಾ. ಅದಕ್ಕ ಅವತ್ತ ಆಕಿ ಕಾಲ ಹಿಡದೇನಿ. ನಿಂದು ನೀ ಹೋಗಿ ಹೇಳು. ನಾ ಸಂಗಾಟ ಬರಂಗಿಲ್ಲ.”

ಕ್ಷಮಿಸಿದ್ದೇನೆ ಎನ್ನಲಿಲ್ಲ. ನಾನೂ ಕೇಳಲಿಲ್ಲ. ನಾಳೆ ಬೆಳಿಗ್ಗೆ ಕಾಶವ್ವನ ಮನೆಗೆ ಹೋಗುತ್ತೇನೆ, ಒಬ್ಬನೇ. ಆಕೆ ಬದುಕಿದ್ದಾಳೆ, ಬೈಯುವಷ್ಟು ಗಟ್ಟಿಯಾಗಿದ್ದಾಳೆ — ಎಷ್ಟು ಬೇಕಾದರೂ ಬೈಯಲಿ.