ಬೆರಳು ತಡವಾದ ಕಡೆ

ಆ ಮನೆಯಲ್ಲಿ ದಿನವಿಡೀ ಏನನ್ನೋ ಹುರಿಯುತ್ತಾರೆ, ವಾಸನೆ ಮಾತ್ರ ಬರುವುದಿಲ್ಲ ಎಂದು ಅಕ್ಕಪಕ್ಕದವರು ಹೇಳುತ್ತಿದ್ದರು. ರಜೆಯ ದಿನ ಬೆಳಗ್ಗೆ ಮೂರನೇ ಮಹಡಿಯ ಆ ಬಾಗಿಲ ಹಿಂದೆ ಶುರುವಾದ ಚರಚರ ಸದ್ದು ಊಟದ ಹೊತ್ತಾದರೂ ನಿಲ್ಲುತ್ತಿರಲಿಲ್ಲ. ಕೆಳಮನೆಯ ದರ್ಜಿಯದು ಇನ್ನೂ ಒಂದು ಕೈ ಮೇಲು. ಮದುವೆಯಾಗದೆ ಉಳಿದವಳು ಗಂಡನ ಬದಲು ಬರೀ ಗೊರಕೆ ತಂದು ಸಾಕಿಕೊಂಡಿದ್ದಾಳೆ ಎನ್ನುತ್ತಿದ್ದ. ಮಾತು ಅವಳ ಕಿವಿಗೂ ಬಿದ್ದಿತ್ತು. ಅವಳು ಬಟ್ಟೆ ಹೊಲಿಸುವುದಕ್ಕೆ ಅವನ ಹತ್ತಿರವೇ ಹೋಗುತ್ತಿದ್ದಳು.

ಎಲ್ಲರ ಬಾಯಲ್ಲೂ ಅವಳು ಹಲ್ಲಿನಕ್ಕ. ಪೇಟೆಯ ಹಿಂದಿನ ಓಣಿಯಲ್ಲಿ ಹಲ್ಲಿನ ಸೆಟ್ಟು ಮಾಡಿಕೊಡುವ ಲ್ಯಾಬೊಂದರಲ್ಲಿ ಅವಳಿಗೆ ಮೂವತ್ತೊಂದು ವರ್ಷದ ಕೆಲಸ. ಡಾಕ್ಟರುಗಳು ಕಳಿಸಿದ ಅಚ್ಚಿಗೆ ಪ್ಲಾಸ್ಟರ್ ಹುಯ್ಯಬೇಕು, ಮೇಣದಲ್ಲಿ ಒಸಡು ಕಟ್ಟಬೇಕು, ಹಲ್ಲನ್ನು ಒಂದೊಂದಾಗಿ ಕೂರಿಸಬೇಕು. ಊರಿನ ಎಷ್ಟೋ ಮುದುಕರ ನಗು ಅವಳ ಕೈಯಲ್ಲಿ ತಯಾರಾದದ್ದು. ಅವಳು ನಕ್ಕಿದ್ದನ್ನು ನೋಡಿದವರು ಕಮ್ಮಿ.

ಇನ್ನು ಆ ಹುರಿಯುವ ಸದ್ದು. ಒಂದು ಕಾಲದಲ್ಲಿ ಲೈಸೆನ್ಸಿನ ಗೊಡವೆಯಿಲ್ಲದ ಕೆಲವರು ಅಟ್ಟದಲ್ಲೋ ಗ್ಯಾರೇಜಿನಲ್ಲೋ ಕೈಯಾರೆ ಟ್ರಾನ್ಸ್‌ಮಿಟರ್ ಜೋಡಿಸಿ, ಶಾರ್ಟ್‌ವೇವ್‌ನಲ್ಲಿ ತಮ್ಮದೇ ಸ್ಟೇಷನ್ ನಡೆಸುತ್ತಿದ್ದರು. ಜನ ಅದನ್ನು ಕಳ್ಳ ರೇಡಿಯೋ ಎಂದರು. ಭಾನುವಾರ ಬೆಳಗ್ಗೆ ಒಂದೆರಡು ಗಂಟೆ ಹಾಡು, ನಡುನಡುವೆ ಒಂದಿಷ್ಟು ಹರಟೆ, ಸರ್ಕಾರದ ಜೀಪು ಬೀದಿಗೆ ಬರುವಷ್ಟರಲ್ಲಿ ಗಪ್‌ಚಿಪ್. ಕೇಳುತ್ತಿದ್ದವರಲ್ಲಿ ಕೆಲವರು ಅದನ್ನು ಟೇಪಿಗೆ ಹಿಡಿದಿಟ್ಟಿದ್ದರು. ಅಂಥ ಟೇಪುಗಳನ್ನು ಹಲ್ಲಿನಕ್ಕ ಗುಜರಿ ಅಂಗಡಿಗಳಿಂದ ಆಯ್ದು ತರುತ್ತಿದ್ದಳು. ಬೂಷ್ಟು ಒರೆಸಿ, ಕಂಪ್ಯೂಟರಿಗೆ ಇಳಿಸಿ, ತಾರೀಕು ಬರೆದಿಡುತ್ತಿದ್ದಳು. ಬೇರೆ ಬೇರೆ ಊರುಗಳಲ್ಲಿ ಇದೇ ಹುಚ್ಚಿನ ಮೂವತ್ತು ಜನ ಇದ್ದರು. ಒಬ್ಬರಿಗೊಬ್ಬರು ಪತ್ರ ಬರೆಯುತ್ತಿದ್ದರು. ಅವರಲ್ಲಿ ಒಂದೇ ಕಟ್ಟುನಿಟ್ಟು: ಹಾಡಿನ ಹಿಂದಿನ ಚರಚರ ಗದ್ದಲವನ್ನು ತೊಳೆಯಬಾರದು, ಸದ್ದು ಬಂದದ್ದು ಬಂದ ಹಾಗೇ ಇರಬೇಕು.

ಈ ಹುಚ್ಚು ಹತ್ತಿದ್ದು ಅಣ್ಣನಿಂದ. ಅವನು ಚಪ್ಪಲಿ ಅಂಗಡಿಯಲ್ಲಿ ಕೆಲಸಕ್ಕಿದ್ದ, ಭಾನುವಾರ ಮಾತ್ರ ಅಟ್ಟದ ರಾಜ. ತನ್ನ ಸ್ಟೇಷನ್ನಿಗೆ 'ಏಣಿ ರೇಡಿಯೋ' ಎಂದು ಹೆಸರಿಟ್ಟಿದ್ದ, ಏಣಿ ಹತ್ತದೆ ಅಲ್ಲಿಗೆ ಹೋಗುವ ಹಾಗಿರಲಿಲ್ಲವಲ್ಲ. ಆಗ ಹದಿನೇಳರ ತಂಗಿಗೆ ಅವನು ಒಂದು ಕೆಲಸ ಹಚ್ಚಿದ್ದ. ನಾಲ್ಕು ಬೀದಿ ಆಚೆ ಚಿಕ್ಕಮ್ಮನ ಮನೆಯಲ್ಲಿ ಕುಳಿತು, ಸ್ಟೇಷನ್ ಹೇಗೆ ಕೇಳಿಸುತ್ತದೆಂದು ಕ್ಯಾಸೆಟ್ಟಿಗೆ ಹಿಡಿಯುವುದು. ಕ್ಯಾಸೆಟ್ಟು ತುಟ್ಟಿಯ ಕಾಲ. "ನನ್ನ ವಟವಟ ಯಾರಿಗೆ ಬೇಕು, ನಾನು ಬಾಯಿ ತೆಗೆದ ತಕ್ಷಣ ನಿಲ್ಲಿಸು, ಹಾಡು ಹಿಡಿ" ಎಂದಿದ್ದ. ಅವಳು ಹಾಗೇ ಮಾಡಿದಳು. ಬೆರಳು ಟೇಪು ತಡೆಯುವ ಪಾಜ್ ಗುಂಡಿಯ ಮೇಲೇ ಕೂತಿರುತ್ತಿತ್ತು. ಹಾಡು ಮುಗಿದರೆ ಒತ್ತು, ಹಾಡು ಶುರುವಾದರೆ ಬಿಡು. ಹೀಗೆ ಇಪ್ಪತ್ತೆರಡು ಕ್ಯಾಸೆಟ್ಟು ತುಂಬಿತು.

ಅಣ್ಣ ಮದುವೆಯಾದ, ಅಟ್ಟ ಬಿಟ್ಟ. ಮಗಳಿಗೆ ಏಳು ತಿಂಗಳಿರುವಾಗ ಕಾಮಾಲೆ ಬಂದು ಹನ್ನೊಂದೇ ದಿನದಲ್ಲಿ ಹೋಗಿಬಿಟ್ಟ. ಅತ್ತಿಗೆ ಮಗುವನ್ನೆತ್ತಿಕೊಂಡು ತವರಿಗೆ ಹೋದಳು, ಮುಂದೆ ಇನ್ನೊಂದು ಮದುವೆಯಾದಳು. ತಂಗಿ ಆ ದಿನಗಳಲ್ಲಿ ಅಳಲಿಲ್ಲ. ಸೂಜಿಮದ್ದು ಹಾಕಿಸಿಕೊಂಡ ಒಸಡಿನ ಹಾಗೆ ಒಳಗೇನೋ ಮರಗಟ್ಟಿತು. ಒಸಡಾದರೆ ಒಂದೆರಡು ಗಂಟೆಗೆ ಸರಿಹೋಗುತ್ತದೆ.

ಮೂವತ್ತಮೂರು ವರ್ಷ ಕಳೆದು ಅದೇ ಮಗು ದೊಡ್ಡದಾಗಿ, ಒಂದು ರಜೆಯ ಮಧ್ಯಾಹ್ನ ಮೂರು ಮಹಡಿ ಹತ್ತಿ ಬಂದು ಬಾಗಿಲು ತಟ್ಟಿತು.

ಅವಳು ಸುತ್ತಿ ಬಳಸಲಿಲ್ಲ. ತನ್ನ ಆರು ವರ್ಷದ ಮಗಳ ದನಿ ಒಡಕು. ಗಂಟಲಲ್ಲಿ ಏನೂ ತೊಂದರೆಯಿಲ್ಲ ಎಂದು ಇಬ್ಬರು ಡಾಕ್ಟರು ಹೇಳಿದ್ದಾರೆ. ಅಮ್ಮ ಒಮ್ಮೆ ಬಾಯಿತಪ್ಪಿ, ಅದು ನಿನ್ನಪ್ಪನ ದನಿ ಇದ್ದರೂ ಇರಬಹುದು ಎಂದಿದ್ದಾಳೆ.

"ಅಪ್ಪನ ಫೋಟೋ ಇದೆ ಅತ್ತೆ, ದನಿ ಇಲ್ಲ. ನಿಮ್ಮ ಹತ್ರ ಇರತ್ತೆ ಅಂದ್ಳು ಅಮ್ಮ."

ಹಲ್ಲಿನಕ್ಕ ಅಲ್ಲೇ ನಿಜ ಹೇಳಬಹುದಿತ್ತು. ನಾಲಿಗೆ ಬೇರೆಯದನ್ನೇ ನುಡಿಯಿತು. "ಇದೆ ಕಣೇ. ಹುಡುಕಬೇಕು. ಮೂರು ತಿಂಗಳು ಬಿಟ್ಟು ಬಾ."

ಅಂದೇ ಸಂಜೆ ಮೂವತ್ತು ಜನಕ್ಕೂ ಕಾಗದ ಬರೆದಳು: ಏಣಿ ರೇಡಿಯೋ ಯಾರ ಬಳಿಯಾದರೂ ಇದೆಯೇ? ಇಪ್ಪತ್ತೊಂಬತ್ತು ಜನ ಇಲ್ಲ ಎಂದರು. ಒಬ್ಬ ನಿವೃತ್ತ ಬಸ್ ಡ್ರೈವರ್ ಮಾತ್ರ ಇದೆ ಎಂದು, ಹಳೆ ಟವೆಲಿನಲ್ಲಿ ಸುತ್ತಿ ಒಂದು ಸ್ಪೂಲ್ ಟೇಪು ಕಳಿಸಿಕೊಟ್ಟ. ತೇವಕ್ಕೆ ಅಂಟು ಬಿಟ್ಟುಕೊಂಡು ಸುರುಳಿ ಬೆಲ್ಲದ ಪಾಕವಾಗಿತ್ತು. ಹಾಗೇ ಓಡಿಸಿದರೆ ಮೇಲಿನ ಪದರವೇ ಸುಲಿದು ಬರುತ್ತದೆ. ಅಂಥದ್ದನ್ನು ಸಣ್ಣ ಕಾವಿನಲ್ಲಿ ಎಂಟು ಗಂಟೆ ಒಣಗಿಸಬೇಕು, ಗಂಟೆಗೊಮ್ಮೆ ಮಗುಚಬೇಕು. ಆಮೇಲೆ ಕೆಲವು ದಿನ ಮಾತ್ರ ಅದು ಓಡುವ ಸ್ಥಿತಿಯಲ್ಲಿರುತ್ತದೆ.

ಲ್ಯಾಬಿನಲ್ಲಿ ಅಚ್ಚು ಒಣಗಿಸುವ ಒಲೆಯಿತ್ತು. ಬೆಳಗ್ಗೆ ಬಂದವಳೇ ಟೇಪನ್ನು ಅದರೊಳಗಿಟ್ಟಳು. ಮಾಲೀಕ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದ.

"ಇವತ್ತು ಯಾರ ದವಡೆ ಅಕ್ಕಾ ಬೇಯ್ತಿರೋದು?"

"ನಮ್ಮಣ್ಣಂದು" ಎಂದಳು.

ತಮಾಷೆಯಿರಬೇಕೆಂದು ಅವನು ನಕ್ಕ. ಅವಳು ಗಂಟೆಗೊಮ್ಮೆ ಎದ್ದು ಸುರುಳಿ ಮಗುಚಿದಳು, ನಡುವೆ ಯಾರದೋ ಕೆಳದವಡೆಗೆ ಹದಿನಾಲ್ಕು ಹಲ್ಲು ಕೂರಿಸಿದಳು.

ಮರುದಿನ ಟೇಪು ಓಡಿತು. ಅಣ್ಣ ಹಾಕುತ್ತಿದ್ದ ಹಾಡುಗಳೇ, ಅನುಮಾನವಿಲ್ಲ. ಮೊದಲ ಹಾಡು ಮುಗಿಯಿತು. ಟಕ್. ಎರಡನೇ ಹಾಡು. ಟಕ್. ಮೂರನೆಯದು. ಕೊನೆಯವರೆಗೂ ಅಷ್ಟೇ.

ಡ್ರೈವರಿಗೆ ಫೋನು ಮಾಡಿದಳು. ಮಾತು ಯಾಕೆ ಬಿಟ್ಟಿರಿ ಎಂದು ಕೇಳಿದಳು.

"ಟೇಪು ಎಲ್ಲಿ ಸಿಕ್ತಿತ್ತಮ್ಮ ಆಗ?" ಎಂದ ಮುದುಕ. "ಮಾತು ಮುಂದಿನ ವಾರಾನೂ ಆಡ್ತಾನಲ್ಲ ಅಂದ್ಕೊಂಡೆ."

ಹೌದು ಎಂದು ಫೋನಿಟ್ಟಳು. ಬೇಸರವಾಗಬೇಕಿತ್ತು, ಆಗಲಿಲ್ಲ. ಎದ್ದು ಹೋಗಿ ನೀರಿನ ಡ್ರಮ್ಮು ತುಂಬಿಸಿದಳು.

ಉಳಿದದ್ದು ತನ್ನವೇ ಇಪ್ಪತ್ತೆರಡು ಕ್ಯಾಸೆಟ್ಟು. ಹಾಡುಗಳನ್ನೆಲ್ಲ ಬದಿಗೆ ಸರಿಸಿ, ಹಾಡಿನ ತುದಿಗಳನ್ನಷ್ಟೇ ಕೇಳತೊಡಗಿದಳು. ಹದಿನೇಳರ ಬೆರಳು ಎಷ್ಟೇ ಚುರುಕಿದ್ದರೂ ಒಂದೊಂದು ಕಡೆ ತಡವಾಗಿತ್ತು. ಅಲ್ಲಿ ಒಂದು ಉಸಿರು. ಇನ್ನೊಂದು ಕಡೆ 'ಈಗ'. ಮತ್ತೊಂದು ಕಡೆ 'ಕೇಳಿದ್ರ', ಅಲ್ಲಿಗೆ ಕಡಿತ. ಒಂದು ಕಡೆ ಕೆಮ್ಮು. ದಿನವೂ ಲ್ಯಾಬಿನಿಂದ ಬಂದು ಕೂತರೆ ಊಟದ ನೆನಪಿರುತ್ತಿರಲಿಲ್ಲ. ಎರಡೂವರೆ ತಿಂಗಳಿಗೆ ನಲವತ್ತೊಂದು ಚೂರು ಸಿಕ್ಕವು. ಎಲ್ಲ ಒಟ್ಟು ಸೇರಿಸಿದರೆ ಹತ್ತೊಂಬತ್ತು ಸೆಕೆಂಡು.

ಹೇಳಿದ ದಿನಕ್ಕೆ ಅಣ್ಣನ ಮಗಳು ಬಂದಳು. ಹಲ್ಲಿನಕ್ಕ ಅವಳನ್ನು ಕೂರಿಸಿ, ಟೇಪು ಹಾಕುವ ಮೊದಲೇ ಹೇಳಿಬಿಟ್ಟಳು.

"ಮಾತು ಇಲ್ಲ ಪುಟ್ಟಿ. ನಿನ್ನಪ್ಪ ಬಾಯಿ ಬಿಟ್ಟಾಗೆಲ್ಲ ನಾನು ನಿಲ್ಲಿಸಿಬಿಡ್ತಿದ್ದೆ. ಹಾಡು ಮುಖ್ಯ ಅನ್ನಿಸ್ತಿತ್ತು."

ನಿಲ್ಲಿಸು ಎಂದವನು ಅವನೇ ಎಂಬುದನ್ನು ಹೇಳಲಿಲ್ಲ. ತಿರುಗಿ ಬಾರದವನ ತಲೆಗೆ ಕಟ್ಟಿ ತಾನು ಪಾರಾಗುವುದೇಕೆ?

ಅಣ್ಣನ ಮಗಳು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಕೆಳಗೆ ದರ್ಜಿಯ ಮಿಷನ್ನು ಓಡುತ್ತಿತ್ತು. "ಇರೋದನ್ನ ಹಾಕಿ" ಎಂದಳು.

ಹತ್ತೊಂಬತ್ತು ಸೆಕೆಂಡು ಬೇಗ ಮುಗಿಯಿತು. ಇನ್ನೊಮ್ಮೆ ಕೇಳಿದಳು. ಮೂರನೇ ಸಲ ಕೆಮ್ಮಿನ ಹತ್ತಿರ ಕೈ ಎತ್ತಿದಳು.

"ಇದು ನನ್ನ ಮಗಳದ್ದೇ ಅತ್ತೆ. ಮಾತಾಡೋಕೆ ಮುಂಚೆ ಹಿಂಗೇ ಕೆಮ್ತಾಳೆ. ಹಂಗೆಲ್ಲ ಮಾಡ್ಬೇಡ ಅಂತ ಬೈತಾ ಇದ್ದೆ ನಾನು."

ಇಬ್ಬರಲ್ಲಿ ಯಾರೂ ಅಳಲಿಲ್ಲ. ಅತ್ತೆ ಎದ್ದು ಕಾಫಿಗೆ ಇಟ್ಟಳು, ಸೋದರಸೊಸೆ ಲೋಟ ತೊಳೆದಳು.

ಕಾಫಿ ಕುಡಿಯುವಾಗ ಅಣ್ಣನ ಮಗಳು ಕೇಳಿದಳು. "ಅಪ್ಪನ ದನಿ ಹೌದೋ ಅಲ್ಲವೋ ಕೆಮ್ಮಲ್ಲಿ ಗೊತ್ತಾಗಲ್ಲ. ಅಮ್ಮಂಗೆ ಮರೆತೇಹೋಗಿದೆ. ನೀವು ಬಂದು ನನ್ನ ಮಗಳ ಮಾತು ಕೇಳ್ತೀರಾ? ಹೇಳೋರು ಇನ್ನು ನೀವೊಬ್ಬರೇ."

ಹಲ್ಲಿನಕ್ಕ ಲೋಟ ಕೆಳಗಿಟ್ಟಳು. ಅಣ್ಣ ಹೇಳುತ್ತಿದ್ದ ಮಾತುಗಳು ಅವಳಿಗೆ ನೆನಪಿದ್ದವು. ದನಿ ನೆನಪಿದೆಯೇ? ಇಷ್ಟು ವರ್ಷ ಇದೆಯೆಂದೇ ನಂಬಿದ್ದಳು, ತಡಕಿ ನೋಡಿರಲಿಲ್ಲ. ಮಗು ಎದುರು ನಿಂತು ಮಾತಾಡಿದಾಗ ಏನೂ ತೋಚದೆ ಹೋದರೆ ಅವನು ಎಲ್ಲೂ ಇಲ್ಲ ಎಂದಂತಾಯಿತು.

"ಬರ್ತೀನಿ" ಎಂದಳು.

ಮುಂದಿನ ವಾರ ಲ್ಯಾಬಿಗೆ ರಜೆ ಹಾಕಿ ಹೊರಟಳು. ಅಲ್ಲಿ ಹೋಗಿ ಏನು ಕೇಳಿದಳು, ಏನು ಹೇಳಿದಳು ಎಂಬುದು ಈ ಕಟ್ಟಡದವರಿಗೆ ಗೊತ್ತಿಲ್ಲ. ಹೋದವಳು ಆ ಮಗುವಿನ ಜೊತೆ ಅಲ್ಲೇ ಉಳಿದಳು. ಎರಡು ತಿಂಗಳ ಮೇಲೆ ಬೀಗದ ಕೈ ಹಿಡಿದು ಟೇಪಿನ ಪೆಟ್ಟಿಗೆಗಳನ್ನು ಒಯ್ಯಲು ಬಂದದ್ದು ಅಣ್ಣನ ಮಗಳೊಬ್ಬಳೇ.

ಹೊರಟ ಆ ಬೆಳಗ್ಗೆ ಮಾತ್ರ ದರ್ಜಿ ಅವಳನ್ನು ಕಂಡಿದ್ದಾನೆ. ಅವಳು ಬೀಗ ಹಾಕಿ, ಎಳೆದು ನೋಡಿ, ಒಂದೇ ಚೀಲ ಹಿಡಿದು ನಿಧಾನವಾಗಿ ಇಳಿದು ಬಂದಳು. ಅವನು ಮಿಷನ್ನು ನಿಲ್ಲಿಸಿ, ಎಲ್ಲಿಗೆ ಸವಾರಿ ಎಂದ.

"ಅಣ್ಣನ ಮಗಳ ಮನೆಗೆ. ನಾಲ್ಕು ದಿನ."

ಬಟ್ಟೆ ರೆಡಿ ಇದೆ, ಒಯ್ಯುತ್ತೀರಾ ಎಂದು ಕೇಳಿದ. ಬಂದ ಮೇಲೆ ತಗೊಳ್ತೀನಿ ಎಂದು, ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡು, ಬಸ್ ಸ್ಟ್ಯಾಂಡಿನ ಕಡೆ ನಡೆದಳು.