ಗೇಟಿನ ಬಳಿ ನಿಂತ ನಫೂಲಾ

ನೈರೋಬಿಯ ಅಂಚಿನ ನಮ್ಮ ಕ್ವಾ ಮಾವೆ ಕೇರಿಯಲ್ಲಿ ನಫೂಲಾಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಸಿಮಿಯು ಅಮ್ಮ ಎನ್ನುತ್ತಿದ್ದರು. ಸಿಮಿಯು ಸತ್ತು ಎಷ್ಟೋ ಮಳೆಗಾಲ ಕಳೆದಿದ್ದರೂ ಅದೇ ಹೆಸರು. ಮಗ ಮಣ್ಣಿಗೆ ಹೋದರೂ ತಾಯಿಯ ಹೆಸರಿನಲ್ಲಿ ಉಳಿಯುತ್ತಾನೆ.

ಅವಳ ಕೋಣೆಗೂ ನನ್ನ ಕೋಣೆಗೂ ನಡುವೆ ಇದ್ದದ್ದು ಒಂದೇ ತಗಡು. ಆ ಕಡೆ ಉಗಾಲಿ ಮುದ್ದೆ ತೊಳಸಿದರೆ ಮರದ ಕೋಲು ಪಾತ್ರೆಗೆ ಬಡಿಯುವ ಸದ್ದು ಈ ಕಡೆ ಕೇಳುತ್ತಿತ್ತು. ಗಂಡ ಹೆಂಡತಿ ಜಗಳವಾಡಿದರೆ ಯಾರದು ಸರಿ ಎಂದು ನಾನು ಬೆಳಿಗ್ಗೆ ತೀರ್ಪು ಕೊಡಬಹುದಿತ್ತು. ಕೊಟ್ಟಿಲ್ಲ. ತಗಡಿನ ಗೋಡೆಯ ಸಾಲುಮನೆಯಲ್ಲಿ ಬಾಳಬೇಕಾದರೆ ಕಿವಿ ತೆರೆದಿರಬೇಕು, ಬಾಯಿ ಹೊಲಿದಿರಬೇಕು.

ಅವಳ ಗಂಡ ಮಕೋಖಾ ಮಾವೆ ಸ್ಟಾರ್ಸ್ ಫುಟ್‌ಬಾಲ್ ಕ್ಲಬ್ಬಿನ ಮೈದಾನ ನೋಡಿಕೊಳ್ಳುತ್ತಿದ್ದ. ಅವಳು ಆಟಗಾರರ ಅಂಗಿ ಚಡ್ಡಿ ಒಗೆಯುತ್ತಿದ್ದಳು. ಮೈದಾನದ ಹಿಂದೆ ದೊಡ್ಡ ಬೋಗುಣಿಗಳಲ್ಲಿ ಬಟ್ಟೆ ನೆನೆಹಾಕಿ, ಕೊಳೆ ನೋಡಿಯೇ ಪಂದ್ಯದ ಕಥೆ ಹೇಳುತ್ತಿದ್ದಳು. ಒಮ್ಮೆ ಕ್ಯಾಪ್ಟನ್ ಒಡೆರಾನ ಅಂಗಿಯನ್ನು ಎತ್ತಿ ಹಿಡಿದು ಎಲ್ಲರೆದುರು ಕೇಳಿದಳು: "ಏನೋ, ಮದುವೆಗೆ ಹೋಗಿ ಬಂದಂಗಿದೆ ಅಂಗಿ. ನಿನ್ನೆ ಆಡಿದ್ಯೋ, ಇಲ್ಲ ನಿಂತ್ಕೊಂಡು ನೋಡ್ತಿದ್ಯೋ?"

ಆರು ಅಡಿಯ ಆಳು ಒಡೆರಾ, ಸಾವಿರಾರು ಜನ ಕೂಗಿ ಕರೆಯುವ ಆಟಗಾರ, ತಲೆ ಕೆರೆದುಕೊಂಡ. "ಸಿಮಿಯು ಅಮ್ಮ, ಸೋಪಿನ ಜೊತೆ ನನ್ನ ಮಾನಾನೂ ತೊಳೀತೀಯಲ್ಲ."

ಈಗ ಗೇಟಿನ ಮಾತು ಹೇಳಬೇಕು. ನಮ್ಮಲ್ಲಿ ದೊಡ್ಡ ಪಂದ್ಯದ ದಿನ ತಂಡದವರು ಮೈದಾನದ ಗೇಟಿನಿಂದ ಒಳಗೆ ಹೋಗುವುದಿಲ್ಲ. ಎದುರಾಳಿಗಳು ಹೊಸಿಲ ಕೆಳಗೆ ಏನು ಮಾಟ ಮಾಡಿ ಹೂತಿಟ್ಟಿರುತ್ತಾರೋ ಯಾರಿಗೆ ಗೊತ್ತು? ಗೋಡೆ ಹಾರಿಯೇ ಬರುತ್ತಾರೆ. ನಫೂಲಾಳ ಮಗ ಸಿಮಿಯು ಇದೇ ತಂಡದ ಗೋಲ್‌ಕೀಪರ್. ನಗುವ ಹುಡುಗ. "ನಮ್ಮನೆ ಅಂಗಳಕ್ಕೆ ನಾವೇ ಕಳ್ಳರ ಥರ ಗೋಡೆ ಹಾರ್ಬೇಕಾ?" ಎಂದು ಒಂದು ಪಂದ್ಯದ ದಿನ ಗೇಟಿನ ನಡುವೆ ಕೈಬೀಸಿಕೊಂಡು ನಡೆದುಹೋದ. ಆಟ ಮುಗಿಯುವ ಮೊದಲೇ, ಯಾರೂ ಮುಟ್ಟದೆ, ಚೆಂಡು ಆ ತುದಿಯಲ್ಲಿರುವಾಗ, ಗೋಲಿನ ಮುಂದೆ ಕುಸಿದು ಬಿದ್ದ. ಮತ್ತೆ ಏಳಲಿಲ್ಲ.

ಹುಟ್ಟಿನಿಂದಲೇ ಹೃದಯದಲ್ಲಿ ದೋಷವಿತ್ತು ಎಂದರು ಡಾಕ್ಟರು. ಡಾಕ್ಟರ ಮಾತು ಆಸ್ಪತ್ರೆಯಲ್ಲೇ ಉಳಿಯಿತು. ಗೇಟಿನ ಮಾತು ಕೇರಿಯೆಲ್ಲ ಸುತ್ತಿತು. ಮಣ್ಣು ಮಾಡಿ ಬಂದ ವಾರವೇ ಮಕೋಖಾ ಹಾರೆ ಹಿಡಿದು ಮೈದಾನದ ಗೋಡೆಯ ಕಲ್ಲು ಕಿತ್ತು ಒಂದು ಕಿಂಡಿ ಮಾಡಿದ. ಅಲ್ಲಿಂದ ಮುಂದೆ ಸಾಮಾನಿಗೆ ಗೇಟು, ಮನುಷ್ಯರಿಗೆ ಕಿಂಡಿ. ಎದುರಾಳಿ ತಂಡಗಳನ್ನು ಮಾತ್ರ ಬಹಳ ಮರ್ಯಾದೆಯಿಂದ ಗೇಟಿನಿಂದಲೇ ಕರೆತರುತ್ತಿದ್ದರು.

ನಾನು ಒಮ್ಮೆ ಕೇಳಿದ್ದೆ, "ನಿನಗೇನನ್ಸುತ್ತೆ?" ಎಂದು.

"ಗೇಟು ಕಬ್ಬಿಣ, ಅಕ್ಕ. ಕಬ್ಬಿಣಕ್ಕೆ ಹೊಟ್ಟೆ ಇಲ್ಲ. ಮಕ್ಕಳನ್ನ ತಿನ್ನಲ್ಲ."

"ಹಾಗಾದ್ರೆ ನೀನ್ಯಾಕೆ ಕಿಂಡಿಯಿಂದ ಹೋಗ್ತೀಯ?"

"ಗಂಟು ಭಾರ. ಹತ್ತಿರದ ದಾರಿ ಹಿಡೀತೀನಿ."

ಕಿಂಡಿಯ ದಾರಿಯೇ ದೂರ.

ಆ ವರ್ಷ ಕಾಯಿಲೆ ಬಂತು. ಮೊದಲು ರೇಡಿಯೋದಲ್ಲಿ ಬಂತು, ಆಮೇಲೆ ವಿಮಾನದಲ್ಲಿ, ಆಮೇಲೆ ನಮ್ಮ ಮಟಾಟು ವ್ಯಾನುಗಳಲ್ಲಿ. ಲೀಗ್ ನಿಂತಿತು. ಸಂಜೆಯಾದರೆ ಕರ್ಫ್ಯೂ. ಕೇರಿಯ ಪಕ್ಕದ ಕಲ್ಲುಗಣಿಯ ಯಂತ್ರಗಳು ಬಾಯಿ ಮುಚ್ಚಿದವು. ಹುಟ್ಟಿದಾಗಿನಿಂದ ಆ ಗದ್ದಲದಲ್ಲೇ ಬೆಳೆದವರಿಗೆ ಮೌನ ಹೆದರಿಕೆ ಹುಟ್ಟಿಸಿತು. ಪೊಲೀಸರ ಬೂಟು ಯಾವ ಓಣಿಯಲ್ಲಿದೆ ಎಂದು ಹಾಸಿಗೆಯಲ್ಲಿದ್ದೇ ಹೇಳಬಹುದಿತ್ತು. ನೈರೋಬಿಯಿಂದ ಹೊರಗೆ ಹೋಗುವ ರಸ್ತೆಗಳನ್ನೆಲ್ಲ ಮುಚ್ಚಿದರು. ದಿನಗೂಲಿಯವರು ಅಂದಿನ ಹಿಟ್ಟನ್ನು ಅಂದೇ ತರುವವರು. ಕೂಲಿ ನಿಂತ ಮೇಲೆ ಒಲೆಗಳೂ ನಿಂತವು. ನಾನು ಮೈದಾನದ ಗೋಡೆ ಬದಿಯಲ್ಲಿ ಮಂದಾಜಿ ಎಂಬ ಸಿಹಿ ಬೋಂಡ ಕರಿದು ಮಾರುವವಳು. ಕೊಳ್ಳುವವರಿಲ್ಲದೆ ಎಣ್ಣೆ ಹಾಗೇ ಕಮಟು ಹಿಡಿಯಿತು.

ಆಗ ಕ್ಲಬ್ಬು ಎದ್ದು ನಿಂತಿತು. ಯಜಮಾನರು ಮೆಕ್ಕೆಜೋಳದ ಹಿಟ್ಟು, ಹುರುಳಿಕಾಯಿ ಬೀಜ, ಸೋಪು ತರಿಸಿದರು. ಆಟಗಾರರೇ ಮೂಟೆ ಹೊತ್ತರು. ಮುಂಚೂಣಿಯ ಆಟಗಾರರು ನೀರಿನ ಡ್ರಮ್ಮು ಉರುಳಿಸಿಕೊಂಡು ಓಣಿ ಓಣಿಗೆ ಹೋದರು. ನಫೂಲಾ ಹಳೆಯ ಅಂಗಿಗಳನ್ನು ಕತ್ತರಿಸಿ ಮಾಸ್ಕ್ ಹೊಲಿದು, ಡ್ರಮ್ಮಿನಲ್ಲಿ ಕುದಿಸಿ, ತಂತಿಗೆ ಒಣಹಾಕಿದಳು. ಕೇರಿಯ ಮೂಗುಗಳೆಲ್ಲ ನೀಲಿ ಪಟ್ಟೆಯಾದವು. ತರಕಾರಿ ಮಾರುವ ಗಥೋನಿಯ ಮುಖದ ಮೇಲೆ ಒಂಬತ್ತನೇ ನಂಬರ್ ಬಂದಿತ್ತು. "ಆಡೋಕೆ ಕರೆದ್ರೆ ಬರ್ತೀನಿ, ನಿಮ್ಮ ಹುಡುಗರಿಗಿಂತ ಚೆನ್ನಾಗಿ ಓಡ್ತೀನಿ" ಎನ್ನುತ್ತಿದ್ದಳು. ನಗಲು ಅಷ್ಟಾದರೂ ಇತ್ತು.

ಹಿಟ್ಟು ಹಂಚುವುದು ಮೈದಾನದಲ್ಲಿ. ಹುಲ್ಲಿನ ಮೇಲೆ ಸುಣ್ಣದಲ್ಲಿ ದೂರ ದೂರ ವೃತ್ತ ಬರೆದಿದ್ದರು, ಒಬ್ಬೊಬ್ಬರಿಗೆ ಒಂದೊಂದು. ಲಾರಿ ಹಿಡಿಸುವ ಗೇಟನ್ನು ಹಾರು ಹೊಡೆದು ತೆರೆದಿಟ್ಟರು. ಆದರೆ ಬಂದ ಜನ ಒಬ್ಬರೂ ಗೇಟಿನ ಕಡೆ ಸುಳಿಯಲಿಲ್ಲ. ಎಲ್ಲರೂ ಕಿಂಡಿಗೇ ಮುಗಿಬಿದ್ದರು. ಒಬ್ಬರ ಉಸಿರು ಇನ್ನೊಬ್ಬರ ಕುತ್ತಿಗೆಗೆ. ಒಳಗೆ ಹೋದ ಮೇಲೆ ವೃತ್ತದಲ್ಲಿ ನೆಟ್ಟಗೆ ನಿಂತು ಬಹಳ ಶಿಸ್ತು ತೋರಿಸಿದರು. ತಪ್ಪು ಯಾರಿಗೂ ಕಾಣಲಿಲ್ಲ, ಏಕೆಂದರೆ ಎಲ್ಲರೂ ಅದನ್ನೇ ಮಾಡುತ್ತಿದ್ದರು. ಆಟಗಾರರೂ ಗೋಡೆ ಹಾರಿಯೇ ಬಂದರು. ಕಿಂಡಿಯ ಬಾಯಲ್ಲಿ ನಿಂತು ಮುದುಕಿಯರ ಕೈಹಿಡಿದು ಒಳಗೆ ಎಳೆಯುತ್ತಿದ್ದವನು ಮಕೋಖಾ.

ಆ ದಿನಗಳಲ್ಲೇ ಹಿಂದಿನ ಓಣಿಯ ಮಟಾಟು ಕಂಡಕ್ಟರನಿಗೆ ಕಾಯಿಲೆ ತಾಗಿತು. ಆಸ್ಪತ್ರೆಯ ಬಿಳಿ ಅಂಗಿಯವರು ಬಂದು ಕರೆದೊಯ್ಯುವ ಮೊದಲೇ ಅಕ್ಕಪಕ್ಕದವರು ಅವನ ಬಾಗಿಲಿಗೆ ಹೊರಗಿನಿಂದ ಹಲಗೆ ಹೊಡೆದಿದ್ದರು. ಹೆಂಡತಿ ಮಕ್ಕಳು ಒಳಗೆ ಅಳುವುದು ಕೇಳುತ್ತಿತ್ತು. ಮೊಳೆ ಹೊಡೆದವರು ಕೆಟ್ಟವರಲ್ಲ, ನನ್ನ ಬಳಿ ಮಂದಾಜಿ ತಿಂದವರೇ.

ಒಂದು ಭಾನುವಾರ ತಗಡಿನ ಆಚೆ ಕೆಮ್ಮು ಕೇಳಿತು. ಒಣ ಕೆಮ್ಮು, ದಿಂಬಿಗೆ ಬಾಯಿ ಒತ್ತಿ ಕೆಮ್ಮಿದ್ದು. ಬೆಳಿಗ್ಗೆ ನೀರಿಗೆ ಹೋದಾಗ ನಫೂಲಾ ನನ್ನ ಮುಖ ನೋಡಲಿಲ್ಲ.

"ರಾತ್ರಿ ಏನಾದ್ರೂ ಕೇಳಿಸ್ತಾ ಅಕ್ಕ?"

"ಗಾಳಿ ಇತ್ತು," ಎಂದೆ.

"ಹೂಂ. ಗಾಳಿ ಇತ್ತು." ಕ್ಯಾನು ಎತ್ತಿಕೊಂಡು ನನ್ನಿಂದ ನಾಲ್ಕು ಮಾರು ದೂರ ನಡೆದಳು.

ಮಂಗಳವಾರ ಬೆಳಿಗ್ಗೆ ಸರ್ಕಾರದ ಚೀಫ್ ಬಂದರು. ಕಿಂಡಿಯ ನೂಕುನುಗ್ಗಲನ್ನು ಯಾರೋ ಫೋಟೋ ತೆಗೆದಿದ್ದರು. "ಇವತ್ತಿಂದ ಗೇಟಿನಲ್ಲಿ ಸಾಲಾಗಿ ಬಂದ್ರೆ ಹಿಟ್ಟು. ಇನ್ನೊಮ್ಮೆ ಕಿಂಡಿಯಲ್ಲಿ ಗುಂಪು ಕಂಡ್ರೆ ಮೈದಾನಕ್ಕೇ ಬೀಗ" ಎಂದು ಹೇಳಿ ಹೋದರು. ಒಡೆರಾ ಕಿಂಡಿಗೆ ಮುಳ್ಳುತಂತಿ ಸುತ್ತಿಸಿದ. ಜನ ಗೇಟಿನ ಮುಂದೆ ಬಂದು ನಿಂತು, ನೋಡಿ, ಬರಿಗೈಲಿ ಮನೆಗೆ ಹಿಂದಿರುಗಿದರು. ಹಸಿವಿಗೂ ಒಂದು ಹೊಸಿಲು ಇರುತ್ತದೆ ಎಂದು ಅಂದು ಕಂಡೆ.

ಅಂದು ಸಂಜೆ ತಗಡಿನ ಆಚೆ ಮಾತು ನಡೆಯಿತು.

"ನಾಳೆ ನಾನೇ ಗೇಟಿನಿಂದ ಹೋಗ್ತೀನಿ. ಕಿಂಡಿ ತೆಗೆದವನೇ ಹೋದ್ರೆ ಜನ ಬರ್ತಾರೆ."

"ನಿಮಗೆ ಮೈ ಸುಡ್ತಿದೆ. ನಾಳೆ ಹೋಗಿ, ನಾಡಿದ್ದು ಮಲಗಿದ್ರೆ? ಗೇಟು ಅಪ್ಪನ್ನೂ ತಿಂತು ಅಂತಾರೆ. ಆಮೇಲೆ ದೇವರೇ ಬಂದ್ರೂ ಆ ಗೇಟಿನಿಂದ ಯಾರನ್ನೂ ಕರ್ಕೊಂಡು ಹೋಗಕ್ಕಾಗಲ್ಲ."

ಸ್ವಲ್ಪ ಹೊತ್ತು ಕೆಮ್ಮು. ಆಮೇಲೆ ಮಕೋಖಾ ಹೇಳಿದ: "ಮಲಗಲ್ಲ. ಆ ತುದಿಯ ಗೋಲಿನ ಹತ್ರ ಕುರ್ಚಿ ಹಾಕ್ಕೊಂಡು ಕೂತಿರ್ತೀನಿ. ಜನಕ್ಕೆ ಕಾಣ್ಬೇಕು, ಜನಕ್ಕೆ ತಾಗ್ಬಾರದು."

ಬುಧವಾರ ಅವನು ಮಾಸ್ಕ್ ಕಟ್ಟಿ, ಇಸ್ತ್ರಿ ಅಂಗಿ ಹಾಕಿ, ಒಬ್ಬನೇ ಗೇಟಿನೊಳಗೆ ನಡೆದ. ಜನ ಗೇಟಿನ ಹೊರಗೇ ನಿಂತು ನೋಡಿದರು. ದೂರದ ಗೋಲಿನ ಬಳಿ, ಮಗ ಬಿದ್ದ ಜಾಗದಲ್ಲೇ ಕುರ್ಚಿ ಹಾಕಿ ಕುಳಿತು ಕೈ ಎತ್ತಿದ. ಗಥೋನಿ ಮೊದಲು ಹೆಜ್ಜೆ ಇಟ್ಟಳು. ಅವಳ ಹಿಂದೆ ಉಳಿದವರು ಕೈಯಳತೆ ಬಿಟ್ಟು ಸಾಲಾಗಿ ಬಂದರು. ಅಂದು ಯಾರ ಉಸಿರೂ ಯಾರಿಗೂ ತಾಗಲಿಲ್ಲ.

ಮತ್ತೂ ಕೆಲವು ದಿನ ಹಾಗೇ ನಡೆಯಿತು. ಜನ ಒಳಗೆ ಬರುವಾಗ ಮೊದಲು ಹಿಟ್ಟಿನ ಕಡೆ ನೋಡುತ್ತಿರಲಿಲ್ಲ, ಕುರ್ಚಿಯ ಕಡೆ ನೋಡುತ್ತಿದ್ದರು. ಮುದುಕ ದೊಡ್ಡಸ್ತಿಕೆಯಿಂದ ದೂರ ಕೂತಿದ್ದಾನೆ ಎಂದುಕೊಂಡರು. ಕುರ್ಚಿಯ ತೋಳನ್ನು ಅವನು ಹಿಡಿದ ಬಗೆ ನಾನು ನೋಡಿದೆ. ನಫೂಲಾಳೂ ನೋಡಿದಳು. ಅವಳು ಆಗಲೇ ಎಲ್ಲರಿಂದ ದೂರ ಒಗೆಯುತ್ತಿದ್ದಳು, ದೂರ ಒಣಹಾಕುತ್ತಿದ್ದಳು.

ಒಂದು ಬೆಳಗಿನ ಜಾವ ಅವನಿಗೆ ಉಸಿರು ಸಾಲಲಿಲ್ಲ. ಅವಳು ಒಡೆರಾಗೆ ಫೋನು ಮಾಡಿದಳು. ಕ್ಲಬ್ಬಿನ ವ್ಯಾನು ಬಂತು. ಒಡೆರಾನೇ ಅವನನ್ನು ಹೊತ್ತು ಕೂರಿಸಿ ಆಸ್ಪತ್ರೆಗೆ ಬಿಟ್ಟು ಬಂದ. ಜೊತೆಗೆ ಹೋದ ಅವಳನ್ನು ಆಸ್ಪತ್ರೆಯವರು ಒಳಗೆ ಬಿಡಲಿಲ್ಲ.

ಮುಂದಿನ ಹಂಚಿಕೆಯ ದಿನ ಕುರ್ಚಿ ಖಾಲಿ. ಜನ ಗೇಟಿನ ಮುಂದೆ ನಿಂತುಬಿಟ್ಟರು. ಕಾಲುಗಳು ಮೆಲ್ಲಗೆ ಕಿಂಡಿಯ ಕಡೆ ತಿರುಗಿದವು. ಇಬ್ಬರು ಆಗಲೇ ಮುಳ್ಳುತಂತಿ ಬಿಚ್ಚುತ್ತಿದ್ದರು.

ಒಡೆರಾ ನಫೂಲಾಳನ್ನು ಗೋಡೆಯ ಮರೆಗೆ ಕರೆದ. ನಾನು ಅಲ್ಲೇ ಒಲೆಯ ಬೂದಿ ಕೆದಕುತ್ತಿದ್ದೆ. ಅವನ ಕಣ್ಣು ನೋಡಿಯೇ ಅವಳಿಗೆ ಗೊತ್ತಾಯಿತು.

"ಯಾವಾಗ?" ಎಂದಳು.

"ಈಗ ಫೋನು ಬಂತು, ಅಮ್ಮ."

ಅವಳು ಗೋಡೆಗೆ ಕೈ ಊರಿದಳು. ಅಳಲಿಲ್ಲ.

"ಊರಿಗೆ ಹೋಗಿದ್ದಾರೆ ಅನ್ನೋಣ," ಎಂದ ಒಡೆರಾ. "ಬುಂಗೋಮಾಗೆ."

"ರಸ್ತೆಗೆಲ್ಲ ಬೇಲಿ ಹಾಕಿದ್ದಾರಲ್ಲೋ. ರೆಕ್ಕೆ ಕಟ್ಕೊಂಡು ಹೋದ್ರಾ?"

"ಹಾಗಾದ್ರೆ ಏನೂ ಹೇಳೋದು ಬೇಡ. ನಾನೇ ಈಗ ಗೇಟಿನಿಂದ ಹೋಗ್ತೀನಿ."

"ನೀನು ಹೋಗು, ಒಳ್ಳೇದು. ಆದ್ರೆ ಸಂಜೆಗೆ ಸುದ್ದಿ ಹೇಗೂ ಬರುತ್ತೆ. ನಾಳೆ ಎಲ್ರೂ ಆ ಕಿಂಡಿಯಲ್ಲೇ ಸಾಯ್ತಾರೆ. ಅವರು ಕೆಮ್ಮಿದ್ದು ಗೇಟು ದಾಟೋದಕ್ಕೆ ಮೊದಲೇ ಅಂತ ಹೇಳ್ಬೇಕು."

"ಅಮ್ಮ, ಅದು ಹೇಳಿದ್ರೆ ನಿನ್ನ ಬಾಗಿಲಿಗೂ ಮೊಳೆ ಹೊಡೀತಾರೆ. ಕಂಡಕ್ಟರನ ಮನೆ ನೋಡಿಲ್ವಾ?"

"ನೋಡಿದ್ದೀನಿ," ಎಂದಳು.

ಅವಳು ಗೇಟಿನ ಕಂಬದ ಬಳಿ ಹೋಗಿ ನಿಂತಳು. ಮಗ ಹೋದ ಮೇಲೆ ಅಷ್ಟು ಹತ್ತಿರ ಹೋದದ್ದು ಅದೇ ಮೊದಲು. ಜೋರು ದನಿಯಲ್ಲ ಅವಳದು, ಆದರೂ ಎಲ್ಲರಿಗೂ ಕೇಳಿಸಿತು.

"ನನ್ನ ಗಂಡ ಹೋದ್ರು. ಅವರಿಗೆ ಕೆಮ್ಮು ಬಂದದ್ದು ಭಾನುವಾರ. ಈ ಗೇಟು ದಾಟಿದ್ದು ಬುಧವಾರ. ಕಾಯಿಲೆ ಹತ್ತಿದ್ದು ಆ ಕಿಂಡಿಯಲ್ಲಿ, ನಿಮ್ಮ ಕೈ ಹಿಡಿದು ಎಳೀತಿದ್ರಲ್ಲ, ಅಲ್ಲಿ. ಗೇಟು ಏನೂ ಮಾಡಿಲ್ಲ."

ಗಥೋನಿ ಕೇಳಿದಳು: "ಭಾನುವಾರದಿಂದ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ನೀನು ನಮ್ಮ ನಲ್ಲಿಯಲ್ಲೇ ನೀರು ಹಿಡಿದೆ. ನಮ್ಮ ಮೂಗಿಗೆ ಕಟ್ಟೋ ಬಟ್ಟೆ ಮುಟ್ಟಿದೆ."

"ಕುದಿಸಿ ಕೊಟ್ಟಿದ್ದೀನಿ, ಗಥೋನಿ. ನೀವು ಇಲ್ಲದ ಹೊತ್ತಲ್ಲಿ ನೀರಿಗೆ ಹೋಗ್ತಿದ್ದೆ."

ಭಾನುವಾರದ ಆ ಪ್ರಶ್ನೆ ನನಗೂ ಸಲ್ಲುತ್ತಿತ್ತು. ಗಾಳಿ ಇತ್ತು ಎಂದವಳು ನಾನೇ, ಅದನ್ನು ಯಾರೂ ಕೇಳಲಿಲ್ಲ. ಗುಂಪು ಎರಡು ಸೀಳಾಗಿ ಹಿಂದೆ ಸರಿಯಿತು. ಒಡೆರಾ ಗೇಟಿನೊಳಗೆ ನಡೆದ. ಅವನ ಹಿಂದೆ ತಂಡದ ಹುಡುಗರು ಒಬ್ಬೊಬ್ಬರಾಗಿ, ಯುದ್ಧಕ್ಕೆ ಹೋಗುವವರ ಹಾಗೆ ಮುಖ ಬಿಗಿದುಕೊಂಡು ನಡೆದರು. ಅವರ ಹಿಂದೆ ಜನ ಹೊರಟರು. ನಫೂಲಾ ನಿಂತ ಕಂಬದಿಂದ ದೂರ, ಇನ್ನೊಂದು ಕಂಬಕ್ಕೆ ಭುಜ ತಾಗಿಸಿಕೊಂಡು ಹೋದರು. ಗೇಟಿನ ಭಯ ಅವರಲ್ಲಿ ಉಳಿದಿರಲಿಲ್ಲ. ಅದಕ್ಕಿಂತ ದೊಡ್ಡದೊಂದು ಅವರ ಎಡಗಡೆ ನಿಂತಿತ್ತು. ಗಥೋನಿ ದಾಟುವಾಗ ಮಾಸ್ಕ್ ಬಿಚ್ಚಿ ಅವಳ ಕಾಲ ಬಳಿ ಎಸೆದಳು. ಹೊದ್ದ ಲೇಸೋ ಬಟ್ಟೆಯ ಅಂಚನ್ನು ಸೆರಗಿನ ಹಾಗೆ ಎಳೆದು ಬಾಯಿ ಮುಚ್ಚಿಕೊಂಡಳು.

ಸಂಜೆಯ ಹೊತ್ತಿಗೆ ಸಾಲುಮನೆಯ ಮಾಲೀಕ ಬಂದ. ಅವನ ಹಿಂದೆ ನಮ್ಮ ಓಣಿಯವರು ಬಂದರು. ಒಬ್ಬರ ಕೈಯಲ್ಲಿ ಹಲಗೆಯಿತ್ತು. ಕರ್ಫ್ಯೂಗೆ ಮೊದಲು ಕೆಲಸ ಮುಗಿಸಬೇಕೆಂದು ಅವಸರ. ಆದರೆ ಬಾಗಿಲು ತೆರೆದೇ ಇತ್ತು, ಒಳಗೆ ಯಾರೂ ಇರಲಿಲ್ಲ. ಒಡೆರಾ ಮತ್ತು ಹುಡುಗರು ಆಗಲೇ ಅವಳ ಬೋಗುಣಿ, ಹಾಸಿಗೆ ಹೊತ್ತು ಮೈದಾನದ ಬಟ್ಟೆ ಬದಲಿಸುವ ಕೋಣೆಗೆ ಕರೆದೊಯ್ದಿದ್ದರು. ಕ್ವಾರಂಟೈನಿನ ದಿನ ತುಂಬುವವರೆಗೆ ಊಟದ ತಟ್ಟೆಯನ್ನು ಹೊಸಿಲಲ್ಲಿಟ್ಟು ದೂರ ನಿಂತು ಮಾತಾಡಿಸಿ ಬರುತ್ತಿದ್ದರು. ಅವಳಿಗೆ ಕೆಮ್ಮು ಬರಲಿಲ್ಲ. ಬರಲಿಲ್ಲ ಎನ್ನುವುದನ್ನೂ ಜನ ನಂಬಲಿಲ್ಲ. ಗಂಡನೂ ಹೋದ, ಮಗನೂ ಹೋದ, ಇವಳಿಗೇನೂ ಆಗಲಿಲ್ಲ, ಹೇಗೆ? ಎಂದು ನಲ್ಲಿಯ ಬಳಿ ಕೇಳಿಕೊಂಡರು.

ಹಿಟ್ಟು ಕೊನೆಯವರೆಗೂ ಗೇಟಿನಿಂದಲೇ ಹಂಚಿದರು. ನಮ್ಮ ಕೇರಿಯಲ್ಲಿ ಸತ್ತವರು ಬೆರಳೆಣಿಕೆ. ಕಿಂಡಿಗೆ ಕಲ್ಲು ಕಟ್ಟಿ ಮುಚ್ಚಿದರು. ನಫೂಲಾ ಮೈದಾನದ ಆ ಕೋಣೆಯಲ್ಲೇ ಉಳಿದಳು. ನಾನು ಮಂದಾಜಿ ಒಯ್ದರೆ, "ಅಕ್ಕ, ನಿನ್ನನ್ನ ಯಾರಾದ್ರೂ ನೋಡಿದ್ರೆ ಎಣ್ಣೆ ಮತ್ತೆ ಕಮಟಾಗುತ್ತೆ, ಹೋಗು" ಎನ್ನುತ್ತಿದ್ದಳು.

ಲೀಗ್ ಮತ್ತೆ ಶುರುವಾಗಿ, ಜನರನ್ನೂ ಒಳಗೆ ಬಿಟ್ಟ ಮೇಲೆ, ನಮ್ಮ ಮೈದಾನದ ಮೊದಲ ಪಂದ್ಯಕ್ಕೆ ಎಲ್ಲರೂ ಗೇಟಿನಿಂದಲೇ ಹೋದೆವು. ಮಾವೆ ಸ್ಟಾರ್ಸ್ ಸೋತಿತು. ಕೊನೆಯ ನಿಮಿಷದಲ್ಲಿ ಒಡೆರಾ ಹೊಡೆದ ಚೆಂಡು ಕಂಬಕ್ಕೆ ಬಡಿದು ಹೊರಗೆ ಹಾರಿತು. ಯಾರೂ ಅವನನ್ನು ಬೈಯಲಿಲ್ಲ. ಹೊರಗೆ ಬರುವಾಗ ಗೇಟನ್ನು ಯಾರೂ ತಿರುಗಿ ನೋಡಲಿಲ್ಲ. ಎಲ್ಲರೂ ನಿಧಾನವಾಗಿ ತಲೆ ತಿರುಗಿಸಿ ಬಟ್ಟೆ ಬದಲಿಸುವ ಕೋಣೆಯ ಕಡೆ ನೋಡಿದರು. ಅಲ್ಲಿ ನಫೂಲಾ ಹೊಸಿಲಲ್ಲಿ ಕುಳಿತು, ಸೋತವರ ಅಂಗಿಗಳಿಗಾಗಿ ಬೋಗುಣಿಗೆ ನೀರು ಸುರಿಯುತ್ತಿದ್ದಳು.