ಶಾಹೀನ್ ಹಾಡುತ್ತಿದ್ದ ಇಂಗ್ಲಿಷ್ ಹಾಡು

ಇವತ್ತು ಬೆಳಿಗ್ಗೆ ನಾನಿರುವ ಪೆನಾಸ್ಕಿಟೋಸಿನ ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪು ಆರಿಸುತ್ತಿದ್ದಾಗ ತಲೆಯ ಮೇಲಿನ ಸ್ಪೀಕರಿನಲ್ಲಿ ಆ ಹಾಡು ಶುರುವಾಯಿತು. ಪಕ್ಕದಲ್ಲಿದ್ದ ಆಯಿಷಾ ಅಲುಗಾಡದೆ ನಿಂತುಬಿಟ್ಟಳು. ಒಂಬತ್ತು ವರ್ಷದ ಮಗು, ನನ್ನ ಗೆಳತಿ ಶಾಹೀನಳ ಮಗಳು. ಎರಡು ದಿನ ಇರಲೆಂದು ಗ್ಲೆಂಡೇಲಿನ ಅವರ ಮನೆಯಿಂದ ಕರೆತಂದಿದ್ದೇನೆ. ಶಾಹೀನ್ ಹೋಗಿ ಏಳು ತಿಂಗಳಾಯಿತು.

ಹಾಡು ನೀವೂ ಕೇಳಿರಬಹುದು. ಸ್ಪ್ಯಾನಿಷಿನಲ್ಲಿ ಜನರನ್ನು ಕುಣಿಸಿಯೇ ಹೆಸರು ಮಾಡಿದ ಗಾಯಕನೊಬ್ಬ ನಾಲ್ಕು ವರ್ಷದ ಹಿಂದೆ ಇಂಗ್ಲಿಷಿನಲ್ಲಿ ಹಾಡಿದ ನಿಧಾನದ ಪ್ರೇಮಗೀತೆ. ಶಾಹೀನಳಿಗೆ ಅದರ ಹುಚ್ಚು. ನಾವಿಬ್ಬರೂ ಮೈಸೂರಿನವರಾದರೂ ಪರಿಚಯವಾದದ್ದು ಈ ದೇಶಕ್ಕೆ ಬಂದಮೇಲೆ. ನಮ್ಮ ಮನೆಗಳ ನಡುವೆ ಎರಡೂವರೆ ಗಂಟೆಯ ದಾರಿ. ಹಾಗಾಗಿ ದಿನವೂ ವಾಯ್ಸ್ ಮೆಸೇಜ್. ಮಗುವನ್ನು ಸ್ಕೂಲಿಗೆ ಬಿಟ್ಟು ಕಾರಿನಲ್ಲೇ ಕೂತು ಅವಳು ಮನೆಯ ಸುದ್ದಿಯೆಲ್ಲ ಹೇಳಿ, ಕೊನೆಗೆ ಎರಡು ಸಾಲು ಹಾಡುತ್ತಿದ್ದಳು. ಜೊತೆಗೆ ಇಂಡಿಕೇಟರಿನ ಟಿಕ್ ಟಿಕ್. ಅದು ಹಾಡಿನ ತಾಳಕ್ಕೆ ಒಂದು ದಿನವೂ ಕೂಡಲಿಲ್ಲ. ನಾನು ಹುರುಳಿಕಾಯಿ ಹೆಚ್ಚುತ್ತಾ ಕೇಳುತ್ತಿದ್ದೆ, ಮುಗಿದ ಕೂಡಲೇ ಅಳಿಸುತ್ತಿದ್ದೆ. ಕಾನ್ವೆಂಟಿನ ಶಿಸ್ತು ನೋಡಿ, ಏನೂ ಹರಡಿಕೊಂಡಿರಬಾರದು.

ವಿಮರ್ಶಕರು ಆ ಹಾಡನ್ನು ಸುಮ್ಮನೆ ಬಿಡಲಿಲ್ಲ. ಕಂಠವೇನೋ ಇದೆ, ಇಂಗ್ಲಿಷ್ ಮಾತ್ರ ಬಾಯಿಪಾಠ ಮಾಡಿದಂತಿದೆ, ಪ್ರೀತಿಯ ಮಾತೆಲ್ಲ ಗ್ರೀಟಿಂಗ್ ಕಾರ್ಡಿನದು ಎಂದು ಬರೆದರು. ಅಂಥದೊಂದು ವಿಮರ್ಶೆಯನ್ನು ಫೋನಿನಲ್ಲಿ ಅವಳಿಗೆ ಓದಿ ಹೇಳಿದೆ.

"ಅಯ್ಯೋ ಹೋಗೇ! ಬರೆದೋನಿಗೆ ಜನ್ಮದಲ್ಲಿ ಲವ್ ಆಗಿದ್ಯಂತಾ, ಕೇಳು ಮೊದ್ಲು!"

"ನಿನ್ನ ಇಂಗ್ಲಿಷೂ ಹಾಗೇ ಕಣೇ. ನೀನೂ ಆ ಹಾಡೋನೂ ನಮ್ಮ ಕಾನ್ವೆಂಟ್ ಸಿಸ್ಟರ್ ಹತ್ರ ಆರು ತಿಂಗಳು ಉಚ್ಚಾರಣೆ, ಎಲೊಕ್ಯೂಷನ್ ಕಲೀಬೇಕು."

ನಕ್ಕಳು. ನಾನೂ ನಕ್ಕೆ. ಎಂಟನೇ ಕ್ಲಾಸಿನಲ್ಲಿ ಗೆದ್ದ ಎಲೊಕ್ಯೂಷನ್ ಕಪ್ಪನ್ನು ಸಮುದ್ರ ದಾಟಿಸಿ ತಂದ ಹೆಂಗಸು ನಾನು. ಮರುದಿನ ಅವಳಿಂದ ಟೈಪ್ ಮಾಡಿದ ಮೆಸೇಜ್ ಬಂತು, ಗಂಟಲು ಸರಿಯಿಲ್ಲವೆಂದು. ಆಮೇಲೆ ಮೂರು ವರ್ಷ, ಅವಳ ಮಿದುಳಿನಲ್ಲಿ ರಕ್ತನಾಳ ಒಡೆಯುವ ತನಕ, ಟೈಪ್ ಮಾಡಿದ್ದೇ ಬಂತು. ಯಾಕೆಂದು ನಾನು ಕೇಳಲಿಲ್ಲ. ಓದಿದರೆ ಬೇಗ ಮುಗಿಯುತ್ತದಲ್ಲ ಎಂದುಕೊಂಡೆ.

"ಆಂಟಿ," ಆಯಿಷಾ ನನ್ನ ತೋಳು ಜಗ್ಗಿದಳು. "ಡ್ಯಾಡ್ ಈಸ್ ಸ್ಟಿಲ್ ಲುಕಿಂಗ್ ಫಾರ್ ಎ ರೆಕಾರ್ಡಿಂಗ್. ಅಮ್ಮಿ ಸಿಂಗಿಂಗ್ ದಿಸ್... ಡು ಯು ಹ್ಯಾವ್ ಈವನ್ ಒನ್?"

"ಇಲ್ಲ ಪುಟ್ಟಾ."

"ದೆನ್ ಯು ಸಿಂಗ್ ಇಟ್. ಲೈಕ್ ಹರ್."

ಬಗ್ಗಿ ಅವಳ ಕಿವಿಯ ಹತ್ತಿರ ಹಾಡಿದೆ. ಶಾಹೀನಳ ಹಾಗೆ ಪದ ಎಳೆಯಲು ನೋಡಿದೆ, ಅವಳ ಹಾಗೆ ಒತ್ತಲು ನೋಡಿದೆ. ನಾಲಿಗೆ ಕೇಳಲಿಲ್ಲ. ಒಂದೊಂದು ಪದವೂ ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ನೆಟ್ಟಗೆ ಹೊರಗೆ ಬಂತು. ಮಗು ಕೊನೆಯ ತನಕ ಕೇಳಿಸಿಕೊಂಡಿತು.

"ಥ್ಯಾಂಕ್ ಯು, ಆಂಟಿ," ಎಂದಳು, ಬಹಳ ಮರ್ಯಾದೆಯಿಂದ, ಇನ್ನು ಸಾಕು ಎನ್ನುವ ಹಾಗೆ.